ಬಡವರ ಬಾಯಿ ಮೂಸುವ ಮುನ್ನ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥಕ್ಕೆ ನಾನು ಹೋದದ್ದು ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯನ್ನು ನೋಡಲು. ಇನ್ನೊಂದು ಆಸೆಯೂ ಇತ್ತು. ಊರ ಹೆಸರನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡು ಕನ್ನಡ ಕಾದಂಬರಿಗೆ ದಾರಿ ತೋರಿದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಅವರ ಊರಿನ ಮಣ್ಣನ್ನು ಒಮ್ಮೆ ಮೆಟ್ಟಿ ಬರಬೇಕೆಂಬುದು ಗುರುಮಠದ ವಿದ್ಯಾರ್ಥಿ ದಿನಗಳ ಬಯಕೆ. ಗುಡಿಯ ತಳಹದಿ ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿಕೊಂಡಿರುವುದನ್ನು ಬೆರಗಿನಿಂದ ನೋಡಿ, ಹೊಳೆಯ ದಂಡೆಯಲ್ಲಿ ತುಸು ಹೊತ್ತು ಕುಳಿತು, ಬಸ್ಸಿಗೆ ಕಾಯುತ್ತ ಚಹಾದಂಗಡಿಯ ಬಾಕಿನ ಮೇಲೆ ಕುಳಿತೆ. ಅಂದು ಮನಸ್ಸಿನಲ್ಲಿ ಉಳಿದದ್ದು ಗುಡಿಯಲ್ಲ, ಕಾದಂಬರಿಕಾರರೂ ಅಲ್ಲ. ಆ ಬಾಕಿನ ಮೇಲೆ ನಡೆದ ಮಾತು.

ಮಾತು ಗೃಹಲಕ್ಷ್ಮಿಯ ಹಣದ್ದು. ಯಾರ ಖಾತೆಗೆ ಬಂತು, ಯಾರದು ಬರಲಿಲ್ಲ ಎಂಬುದರಿಂದ ಆರಂಭವಾಗಿ, ಬಂದದ್ದು ಎಲ್ಲಿಗೆ ಹೋಯಿತು ಎಂಬಲ್ಲಿಗೆ ತಲುಪಿತು. "ಹೆಂಗಸರ ಖಾತೆಕ್ಕ ಬಂದ್ರೇನ್ರಿ, ಸಂಜಿಕ ಗಂಡಸರ ಗಂಟಲಾಗ ಇಳೀತೈತಿ" ಎಂದರು ಒಬ್ಬ ಹಿರಿಯರು. ನಿವೃತ್ತ ಮಾಸ್ತರರಂತೆ ಕಂಡ ಮತ್ತೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಅಮೆರಿಕಾದಾಗ ಮೊದಲ ಪರೀಕ್ಷೆ ಮಾಡ್ತಾರಂತ. ಕುಡುಕ ಅಂತ ಬಂದ್ರ ರೊಕ್ಕ ಇಲ್ಲ. ನಮ್ಮಲ್ಲಿ ಹಂಗ ಮಾಡಬೇಕ್ರಿ. ಏನಂತೀರಿ ಸ್ವಾಮ್ಯಾರ?" ಎಂದು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಬಸ್ಸು ಬಂತು. ನಾನು ನಕ್ಕು ಎದ್ದೆ. ಉತ್ತರ ಕೊಡದೆ ಎದ್ದು ಬಂದದ್ದು ಅನಂತರ ಕಾಡಿತು. ಆದ್ದರಿಂದ ಈ ಬರಹ.

ಪ್ರಿಯ ಓದುಗರೇ, ಮಾಸ್ತರರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದು ದ್ವೇಷದಿಂದ ಹುಟ್ಟಿದ ಮಾತಲ್ಲ. ಕುಡಿತದಿಂದ ಬೀದಿಗೆ ಬಿದ್ದ ಮನೆಗಳನ್ನು ಕಣ್ಣಾರೆ ಕಂಡವರ ಮಾತು. ನಮ್ಮಲ್ಲಿ ಎಷ್ಟೋ ಮಂದಿ, ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರೂ ಸಹ, ಇದನ್ನೇ ನಂಬಿದ್ದಾರೆ. ಸಹಾಯ ಕೇಳಿ ಬಂದವನು ಮೊದಲು ತಾನು ಯೋಗ್ಯನೆಂದು ತೋರಿಸಲಿ. ಸರ್ಕಾರದ ಹಣವೆಂದರೆ ನಮ್ಮ ಹಣ. ಅದನ್ನು ಕುಡಿದು ಹಾಳುಮಾಡುವವನಿಗೆ ಏಕೆ ಕೊಡಬೇಕು? ವಾದ ಸರಳವಾಗಿದೆ, ಕೇಳಲು ನ್ಯಾಯವಾಗಿಯೂ ಇದೆ. ಅದನ್ನು ಕಾಯಿದೆಯಾಗಿಯೇ ಜಾರಿಗೆ ತಂದು ನೋಡಿದ ನಾಡಿನಲ್ಲಿ ಏನಾಯಿತೆಂಬುದನ್ನು ಮೊದಲು ತಿಳಿಯೋಣ.

1996ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವು ಬಡ ಕುಟುಂಬಗಳ ನಗದು ಸಹಾಯದ ಕಾನೂನನ್ನು ಬುಡಮೇಲು ಮಾಡಿತು. ಸಹಾಯ ಪಡೆಯುವವರ ಮೇಲೆ ಮಾದಕ ವಸ್ತು ಪರೀಕ್ಷೆ ನಡೆಸಲು ರಾಜ್ಯಗಳಿಗೆ ಅನುಮತಿಯೂ ಅದರಲ್ಲಿತ್ತು. ಮಿಷಿಗನ್ ರಾಜ್ಯವು 1999ರಲ್ಲಿ ಆರಂಭಿಸಿ ಕೆಲವೇ ವಾರಗಳಲ್ಲಿ ನ್ಯಾಯಾಲಯದ ಆದೇಶದಿಂದ ನಿಲ್ಲಿಸಬೇಕಾಯಿತು. ದೊಡ್ಡ ಪ್ರಮಾಣದಲ್ಲಿ ಅದನ್ನು ಮಾಡಿ ನೋಡಿದ್ದು ಫ್ಲಾರಿಡಾ. ಅಲ್ಲಿನ ಗವರ್ನರ್ ರಿಕ್ ಸ್ಕಾಟ್ ಸಹಿ ಹಾಕಿದ ಕಾಯಿದೆ 2011ರ ಜುಲೈ 1ರಿಂದ ಜಾರಿಗೆ ಬಂತು. ಅರ್ಜಿ ಹಾಕಿದ ಪ್ರತಿಯೊಬ್ಬರೂ, ಯಾರ ಮೇಲೆ ಯಾವ ಅನುಮಾನವಿಲ್ಲದಿದ್ದರೂ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಖರ್ಚನ್ನು ತಾವೇ ಮೊದಲು ಭರಿಸಬೇಕು. ಏನೂ ಸಿಗದಿದ್ದರೆ ಸರ್ಕಾರ ಆ ಖರ್ಚನ್ನು ಹಿಂದಿರುಗಿಸುತ್ತದೆ. ಸಿಕ್ಕಿಬಿದ್ದರೆ ಒಂದು ವರ್ಷ ಸಹಾಯವಿಲ್ಲ. ಚಿಕಿತ್ಸೆ ಪಡೆದರೆ ಆರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬಹುದು. ಮಕ್ಕಳ ಪಾಲಿನ ಹಣವನ್ನು ಬೇರೊಬ್ಬರ ಕೈಗೆ ಕೊಡುವ ಅವಕಾಶವಿತ್ತು ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಕಾಯಿದೆಗೆ ಅನ್ಯಾಯ ಮಾಡಿದಂತಾಗುತ್ತದೆ.

ಸುಮಾರು ನಾಲ್ಕು ತಿಂಗಳಲ್ಲಿ 4,086 ಮಂದಿಯ ಪರೀಕ್ಷೆ ನಡೆಯಿತು. ಸಿಕ್ಕಿಬಿದ್ದವರು 108. ನೂರಕ್ಕೆ ಮೂವರೂ ಇಲ್ಲ! ಉಳಿದವರಿಗೆ ಪರೀಕ್ಷೆಯ ಖರ್ಚೆಂದು ರಾಜ್ಯವು ಹಿಂದಿರುಗಿಸಿದ್ದು 1,18,140 ಡಾಲರು. ಆ 108 ಮಂದಿಗೆ ಕೊಡದೆ ಉಳಿಸಿದ್ದಕ್ಕಿಂತ ಇದೇ ಹೆಚ್ಚಾಯಿತು. ಬೊಕ್ಕಸ ಉಳಿಸಲು ಹೊರಟವರು ಬೊಕ್ಕಸಕ್ಕೆ ತೂತು ಕೊರೆದರು. ಕಾಯಿದೆಯ ಪರ ಇದ್ದವರು ಇದಕ್ಕೂ ಉತ್ತರ ಹುಡುಕಿದರು: ವ್ಯಸನಿಗಳು ಹೆದರಿ ಅರ್ಜಿಯನ್ನೇ ಹಾಕಿಲ್ಲ, ಅದೇ ಗೆಲುವು ಎಂದರು. ಗೆಲುವೆಂದೇ ಇಟ್ಟುಕೊಳ್ಳೋಣ. ಹಾಗೆ ಹೆದರಿ ದೂರ ಉಳಿದವನ ಮನೆಯಲ್ಲಿ ಮಕ್ಕಳಿದ್ದರಲ್ಲ? ಆ ಯೋಜನೆ ಇದ್ದುದೇ ಮಕ್ಕಳಿರುವ ಕುಟುಂಬಗಳಿಗಾಗಿ. ಅರ್ಜಿ ಹಾಕದವನ ಮಗುವಿನ ತಟ್ಟೆ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ಈ ಕಾಯಿದೆಯನ್ನು ಪ್ರಶ್ನಿಸಿದವನು ದೊಡ್ಡ ಹೋರಾಟಗಾರನೇನಲ್ಲ. ಅಲ್ಲಿನ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಕಾಲೇಜಿನಲ್ಲಿ ಓದುತ್ತ, ಪುಟ್ಟ ಮಗನನ್ನು ಒಂಟಿಯಾಗಿ ಸಾಕುತ್ತಿದ್ದ ತಂದೆ. ತನಗೆ ಯಾವ ವ್ಯಸನವೂ ಇರಲಿಲ್ಲ. ಆದರೆ ಬಡವನಾದ ಮಾತ್ರಕ್ಕೆ ತನ್ನ ಮೂತ್ರವನ್ನು ಸರ್ಕಾರಕ್ಕೆ ಒಪ್ಪಿಸುವುದಿಲ್ಲ ಎಂದ. ನ್ಯಾಯಾಧೀಶೆ ಮೇರಿ ಸ್ಕ್ರಿವೆನ್ 2011ರ ಅಕ್ಟೋಬರಿನಲ್ಲಿ ಕಾಯಿದೆಗೆ ತಡೆ ನೀಡಿದರು, 2013ರ ಡಿಸೆಂಬರ್ 31ರಂದು ಅದನ್ನು ಪೂರ್ತಿಯಾಗಿ ರದ್ದುಗೊಳಿಸಿದರು. 2014ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆಧಾರವಾದ ತೀರ್ಪುಗಳಲ್ಲಿ ಒಂದು ಸ್ವಾರಸ್ಯಕರವಾಗಿದೆ. ಚುನಾವಣೆಗೆ ನಿಲ್ಲುವ ಅಭ್ಯರ್ಥಿಗಳು ಮಾದಕ ವಸ್ತು ಪರೀಕ್ಷೆ ಮಾಡಿಸಿಕೊಂಡಿರಬೇಕೆಂದು ಜಾರ್ಜಿಯಾ ರಾಜ್ಯವು ಕಾಯಿದೆ ಮಾಡಿತ್ತು. 1997ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ನಿರ್ದಿಷ್ಟ ಅಪಾಯವನ್ನು ತೋರಿಸದೆ ಮನುಷ್ಯನ ದೇಹವನ್ನು ಹೀಗೆ ಶೋಧಿಸುವಂತಿಲ್ಲವೆಂದು ಅದನ್ನು ಬಿಸಾಡಿತು. ರಾಜಕಾರಣಿಗೆ ದೊರೆತ ಆ ಕೊಡೆಯ ಕೆಳಗೆ ಹದಿನಾರು ವರ್ಷಗಳ ನಂತರ ಒಬ್ಬ ಬಡ ತಂದೆಯೂ ಬಂದು ನಿಂತ. ಇಂಥ ಪರೀಕ್ಷೆಯನ್ನು ಪ್ರಯೋಗವಾಗಿ ತರಲು ಆಸ್ಟ್ರೇಲಿಯಾದ ಸರ್ಕಾರ 2017ರಲ್ಲಿ ಮುಂದಾಯಿತು. ಅಲ್ಲಿನ ಸೆನೆಟ್ ಒಪ್ಪಿಗೆ ಕೊಡಲಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಪ್ರಶ್ನಾವಳಿ ತುಂಬಿಸಿ, ಅನುಮಾನ ಬಂದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿ ಉಳಿದುಕೊಂಡಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಫ್ಲಾರಿಡಾದ ಕಾಯಿದೆಯಂತೂ ಸತ್ತುಹೋಯಿತು. ಮಾಸ್ತರರು ಕೇಳಿದ್ದು ಅದರ ಹುಟ್ಟಿನ ಸುದ್ದಿ; ಸಾವಿನ ಸುದ್ದಿ ಗಳಗನಾಥದವರೆಗೆ ಬಂದಿರಲಿಲ್ಲ.

ಆದರೆ ನೆರವಿಗೆ ಮುನ್ನ ಬಡವನನ್ನು ಪರೀಕ್ಷೆಗೆ ಒಡ್ಡುವ ಬುದ್ಧಿಯನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿಲ್ಲ. ಅದು ನಮ್ಮದೇ ನೆಲದಲ್ಲಿ ಹಿಂದೆಯೇ ನಡೆದಿದೆ. 1876ರಿಂದ 78ರವರೆಗಿನ ಮಹಾ ಬರಗಾಲದಲ್ಲಿ, ಇಂದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳನ್ನು ಒಳಗೊಂಡಿದ್ದ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿತ್ತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಬರಪರಿಹಾರದ ಖರ್ಚು ಬಿಗಿ ಮಾಡಲೆಂದೇ ಕಳುಹಿಸಲಾಯಿತು. ಹಸಿದವನು ನಿಜವಾಗಿ ಹಸಿದಿದ್ದಾನೆಯೇ ಎಂದು ತಿಳಿಯುವುದು ಹೇಗೆ? ಆ ಕಾಲದ ಆಡಳಿತ ಎರಡು ಪರೀಕ್ಷೆಗಳನ್ನು ನಂಬಿತ್ತು. ಒಂದು ದುಡಿಮೆಯ ಪರೀಕ್ಷೆ: ಕಲ್ಲು ಒಡೆಯಬೇಕು, ಕೆರೆ ಅಗೆಯಬೇಕು. ಇನ್ನೊಂದು ದೂರದ ಪರೀಕ್ಷೆ: ಪರಿಹಾರ ಕಾಮಗಾರಿಯು ಮನೆಯಿಂದ ಹತ್ತು ಮೈಲಿಯಷ್ಟು ದೂರದಲ್ಲಿರಬೇಕು, ನಿಜವಾಗಿ ಹಸಿದವನಾದರೆ ನಡೆದು ಬರುತ್ತಾನೆ ಎಂಬ ತರ್ಕ. ಗಂಡಾಳಿನ ಕೂಲಿಯಾಗಿ ಟೆಂಪಲ್ ಸೂಚಿಸಿದ್ದು ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆ. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಇದು ಮನುಷ್ಯನ ಜೀವ ಹಿಡಿದಿಡಲು ಸಾಲದೆಂದು ವಾದಿಸಿದರು, ಪುಣೆಯ ಸಾರ್ವಜನಿಕ ಸಭೆಯು ಪ್ರತಿಭಟಿಸಿತು. ಟೆಂಪಲ್ ಸಾಹೇಬರು 1877ರಲ್ಲಿ ಇದೇ ಮುಂಬಯಿ ಪ್ರಾಂತದ ಗವರ್ನರ್ ಆಗಿ ಬಂದು ಕುಳಿತರು.

ಈ ಪರೀಕ್ಷೆಯ ಒಳಗುಟ್ಟನ್ನು ಗಮನಿಸಿರಿ. ಹತ್ತು ಮೈಲಿ ನಡೆಯಲಾಗದವನು ಯಾರು? ಅತಿ ಹೆಚ್ಚು ಹಸಿದವನು, ಕೂಸನ್ನು ಕಂಕುಳಲ್ಲಿ ಹೊತ್ತವಳು, ಮುದುಕ. ಪರೀಕ್ಷೆಯು ಮೋಸಗಾರನನ್ನು ಹೊರಗಿಡುವ ಮೊದಲೇ ಅವರನ್ನು ಹೊರಗಿಟ್ಟಿತು. ನೂರೈವತ್ತು ವರ್ಷಗಳ ನಂತರವೂ ಈ ದೋಷ ಹೋಗಿಲ್ಲ. ಗೃಹಲಕ್ಷ್ಮಿ ಯೋಜನೆಯಲ್ಲಿ ಕುಡಿತದ ಪರೀಕ್ಷೆಯೇನೂ ಇಲ್ಲ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯಾಗಿರಬೇಕು, ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾಗಿರಬಾರದು, ಅಷ್ಟೆ. ಇಷ್ಟು ಸರಳವಾದ ಶೋಧನೆಯಲ್ಲೇ ತೆರಿಗೆ ಎಂದರೇನೆಂದು ಅರಿಯದ ಹೆಣ್ಣುಮಕ್ಕಳು ತೆರಿಗೆದಾರರೆಂದು ದಾಖಲಾಗಿ, ಹಣ ನಿಂತು, ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇನ್ನು ಇದರ ಮೇಲೆ ಪ್ರಯೋಗಾಲಯದ ಚೀಟಿಯೊಂದು ಸೇರಿದರೆ ಆಕೆ ಯಾವ ಬಾಗಿಲು ಬಡಿಯಬೇಕು?

ಪರೀಕ್ಷೆಯೆಂಬ ಉಪಕರಣದ ಬಗ್ಗೆಯೂ ಎರಡು ಮಾತು ಹೇಳಬೇಕು. ಜನರ ಮನಸ್ಸಿನಲ್ಲಿರುವುದು ಮದ್ಯ. ಮೂತ್ರ ಪರೀಕ್ಷೆ ಚೆನ್ನಾಗಿ ಹಿಡಿಯುವುದು ಗಾಂಜಾವನ್ನು. ನಿತ್ಯ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಉಳಿಯುತ್ತದೆ. ಉಸಿರಿನಲ್ಲಿರುವ ಮದ್ಯವು ಹೆಚ್ಚೆಂದರೆ ಒಂದು ದಿನದೊಳಗೆ ಹೊರಟುಹೋಗುತ್ತದೆ. ಅರ್ಜಿ ಕೊಡುವ ದಿನ ಶುದ್ಧನಾಗಿ ಬಂದವನು ಹಣ ಬಂದ ದಿನ ಕುಡಿಯಬಹುದು. ಜಾತ್ರೆಯಲ್ಲೊಮ್ಮೆ ಕುಡಿದವನು ಮರುದಿನ ಸಿಕ್ಕಿಬೀಳಬಹುದು. ವ್ಯಸನಿ ಯಾರು, ಒಮ್ಮೆ ಬಾಯಿಗೆ ಹಾಕಿದವನು ಯಾರು ಎಂಬ ಭೇದ ಯಂತ್ರಕ್ಕೆ ತಿಳಿಯದು. ನಗಬೇಡಿ, ಭಾನುವಾರ ಬೆಳಿಗ್ಗೆ ಒಂದು ಊರಿನಲ್ಲಿ ಬಲಿಪೂಜೆ ಮುಗಿಸಿ ಮೋಟಾರು ಸೈಕಲ್ಲಿನಲ್ಲಿ ಇನ್ನೊಂದು ಊರಿಗೆ ಹೊರಟ ನನ್ನನ್ನು ನಿಲ್ಲಿಸಿ ಯಾರಾದರೂ ಊದಿಸಿದರೆ ಯಂತ್ರ ನನ್ನ ಪರವಾಗಿ ಸಾಕ್ಷಿ ನುಡಿಯುತ್ತದೆಂಬ ಭರವಸೆ ನನಗಿಲ್ಲ.

ಇದರರ್ಥ ಪರೀಕ್ಷೆಯೇ ಸಲ್ಲದು ಎಂದಲ್ಲ. ಬಸ್ಸಿನ ಚಾಲಕ ಡಿಪೋದಿಂದ ಹೊರಡುವ ಮುನ್ನ ಊದಿ ತೋರಿಸಬೇಕೆಂದರೆ ಅದು ನ್ಯಾಯವೇ. ಐವತ್ತು ಜೀವಗಳು ಅವನ ಕೈಯಲ್ಲಿವೆ. ವಿಧವಾ ವೇತನ ಕೇಳಿ ಬಂದವಳ ಕೈಯಲ್ಲಿ ಯಾರ ಜೀವವಿದೆ? ಅವಳದೇ ಅಲ್ಲವೇ? ಅಪಾಯಕ್ಕಾಗಿ ಮಾಡುವ ಪರೀಕ್ಷೆ ಬೇರೆ, ಅವಮಾನಕ್ಕಾಗಿ ಮಾಡುವ ಪರೀಕ್ಷೆ ಬೇರೆ. ನಮ್ಮ ನ್ಯಾಯಾಲಯಗಳೂ ಈ ಗೆರೆಯನ್ನು ಎಳೆದಿವೆ, ಅದೂ ಕರ್ನಾಟಕದ ಹೆಸರಿರುವ ತೀರ್ಪುಗಳಲ್ಲಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಪರಾಧದ ಆರೋಪ ಹೊತ್ತವನ ಮೇಲೂ ಅವನ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಕೊಲೆ ಆರೋಪಿಗೆ ಇರುವ ರಕ್ಷಣೆಯನ್ನು ಎರಡು ಸಾವಿರ ರೂಪಾಯಿ ಕೇಳುವ ಯಜಮಾನಿಗೆ ನಿರಾಕರಿಸುವುದು ಯಾವ ಧರ್ಮ?

ಯಜಮಾನಿ ಎಂದೆ. ಇಲ್ಲಿ ಮಾಸ್ತರರ ವಾದದ ಇನ್ನೊಂದು ಕಂಬ ಕುಸಿಯುತ್ತದೆ. ದೆಹಲಿಯ ಏಮ್ಸ್ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, 10ರಿಂದ 75 ವಯಸ್ಸಿನ ಭಾರತೀಯ ಪುರುಷರಲ್ಲಿ ಶೇಕಡಾ 27.3 ಮಂದಿ ಮದ್ಯ ಸೇವಿಸುತ್ತಾರೆ. ಮಹಿಳೆಯರಲ್ಲಿ ಶೇಕಡಾ 1.6. ಹಣ ಹೋಗುವುದು ಮಹಿಳೆಯ ಖಾತೆಗೆ. ಹಾಗಾದರೆ ಪರೀಕ್ಷೆ ಯಾರಿಗೆ? ಆಕೆಗೆ ಮಾಡಿದರೆ ಏನೂ ಸಿಗದು. ಗಂಡನಿಗೆ ಮಾಡಿದರೆ ಅವನ ಪಾಪಕ್ಕೆ ಆಕೆ ದಂಡ ಕಟ್ಟಿದಂತೆ. ಅದನ್ನು ಆಕೆ ಈಗಾಗಲೇ ದಿನವೂ ಕಟ್ಟುತ್ತಿದ್ದಾಳೆ. ಇನ್ನು ನಗದು ಕೊಟ್ಟರೆ ಬಡವರು ಕುಡಿತಕ್ಕೆ ಸುರಿಯುತ್ತಾರೆ ಎಂಬ ನಂಬಿಕೆ. ವಿಶ್ವ ಬ್ಯಾಂಕಿನ ಡೇವಿಡ್ ಇವಾನ್ಸ್ ಮತ್ತು ಆನಾ ಪೊಪೋವಾ ಎಂಬ ಸಂಶೋಧಕರು ಹಲವು ಖಂಡಗಳಲ್ಲಿ ನಡೆದ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2014ರಲ್ಲಿ ಪರಿಶೀಲಿಸಿದರು. ನಗದು ಸಹಾಯದಿಂದ ಮದ್ಯ, ತಂಬಾಕುಗಳ ಮೇಲಿನ ವೆಚ್ಚ ಹೆಚ್ಚಿದ್ದಕ್ಕೆ ಅವರಿಗೆ ಆಧಾರ ದೊರೆಯಲಿಲ್ಲ. ಗಂಡ ಕಸಿದುಕೊಳ್ಳುವ ಮನೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಅಂಥ ಮನೆಗಳಿಗೆ ನಾನೇ ಹೋಗಿದ್ದೇನೆ. ಆದರೆ ಕಸಿದವನಿಗೆ ಪೊಲೀಸ್ ಠಾಣೆ ಇದೆ. ಕಸಿಸಿಕೊಂಡವಳ ಹಣ ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ.

ಈ ವಾದದಲ್ಲಿ ನನ್ನನ್ನು ಅತಿ ಹೆಚ್ಚು ಕೆರಳಿಸುವ ಸಂಗತಿಯೊಂದಿದೆ. ಕುಡಿಯುತ್ತೀಯಾ ಎಂದು ಕೇಳಬೇಕೆಂದು ನಾವು ಒತ್ತಾಯಿಸುತ್ತಿರುವುದು ಯಾರನ್ನು? ಸರ್ಕಾರವನ್ನು. ಆ ಸರ್ಕಾರವೇ ಅಂಗಡಿಯ ಯಜಮಾನ! ನಮ್ಮ ಈ ಭಾಗ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಕಾಯಿದೆಯಡಿ ಪಾನನಿಷೇಧವಿತ್ತು. 1967ರಲ್ಲಿ ಮೈಸೂರು ಸರ್ಕಾರ ನಿಷೇಧವನ್ನು ಸಡಿಲಿಸಿತು. 2003ರಲ್ಲಿ ರಾಜ್ಯದ ಸಗಟು ಮದ್ಯ ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮದ ಕೈಗೆ ಬಂತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ಹಾಲು ಕುಡಿದಷ್ಟು ಸಂತೋಷಪಟ್ಟರು. ಆದರೆ ಸಾರಾಯಿ ಹೋದ ದಾರಿಯಲ್ಲೇ ಅಗ್ಗದ ವಿಸ್ಕಿ, ಬ್ರಾಂಡಿಗಳ ಸಣ್ಣ ಪ್ಯಾಕೆಟ್ಟುಗಳು ಹಳ್ಳಿಗೆ ಬಂದವು. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳಲ್ಲಿ ಇಂದು ಸರ್ಕಾರವೇ ಕೈಯಾರೆ ಬಾಟಲಿ ಮಾರುತ್ತದೆ. 2025-26ರ ಮುಂಗಡಪತ್ರದಲ್ಲಿ ಗೃಹಲಕ್ಷ್ಮಿಗೆ ತೆಗೆದಿಟ್ಟ ಹಣ 28,608 ಕೋಟಿ ರೂಪಾಯಿ. ಅದೇ ವರ್ಷ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ. ಒಂದು ಕೈಯಿಂದ ಹೆಂಡತಿಗೆ ಕೊಟ್ಟು ಇನ್ನೊಂದು ಕೈಯಿಂದ ಗಂಡನ ಜೇಬಿನಿಂದ ಅದಕ್ಕಿಂತ ಹೆಚ್ಚು ಎತ್ತಿಕೊಳ್ಳುವ ವ್ಯವಸ್ಥೆಯು, ಅನಂತರ ಅವರಿಬ್ಬರ ಬಾಯಿ ಮೂಸಿ ನೋಡುವುದೇ? ಮದ್ಯಪಾನವನ್ನು ತಡೆಯುವ ಯತ್ನ ಮಾಡಬೇಕೆಂದು ಸಂವಿಧಾನದ 47ನೆಯ ವಿಧಿಯು ಹೇಳಿರುವುದು ರಾಜ್ಯಕ್ಕೆ, ಅರ್ಜಿದಾರಳಿಗಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದ ಸಾವಿರಾರು ಹಳ್ಳಿಯ ಹೆಂಗಸರು ಕೇಳಿದ್ದೂ ಇದನ್ನೇ: ಅಂಗಡಿ ಮುಚ್ಚಿ. ನಮ್ಮ ಗಂಡಂದಿರನ್ನು ಪರೀಕ್ಷಿಸಿ ಎಂದು ಅವರು ಕೇಳಲಿಲ್ಲ.

ಹಾವೇರಿ ಜಿಲ್ಲೆಯವರಿಗೆ ಪರೀಕ್ಷೆಯ ಕಥೆಯೊಂದನ್ನು ನಾನು ಹೇಳಿಕೊಡಬೇಕಾಗಿಲ್ಲ. ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ತಮ್ಮ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿ ಮತ್ತು ರಾಗಿಯ ಜಗಳವನ್ನು ಕಥೆಯಾಗಿಸಿದ್ದಾರೆ. ತಾನೇ ಶ್ರೇಷ್ಠವೆಂದು ಅಕ್ಕಿ ಬೀಗುತ್ತದೆ, ರಾಗಿ ಸೆಣಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕೊನೆಗೆ ಕೆಟ್ಟು ನಿಸ್ಸತ್ವವಾದದ್ದು ಅಕ್ಕಿ. ಗಟ್ಟಿಯಾಗಿ ಉಳಿದದ್ದು ರಾಗಿ. ಈ ಕಥೆಯನ್ನು ಬಡವರ ಧಾನ್ಯದ ಗೆಲುವೆಂದು ನಾವೆಲ್ಲ ಓದಿದ್ದೇವೆ. ನಾನು ಈಚೆಗೆ ಗಮನಿಸಿದ್ದು ತೀರ್ಪನ್ನಲ್ಲ, ವಿಚಾರಣೆಯ ಕ್ರಮವನ್ನು. ಸೆರೆಗೆ ಹೋದದ್ದು ಎರಡೂ. ರಾಗಿಯನ್ನು ಮಾತ್ರ ಸೆರೆಗೆ ತಳ್ಳಿ ಅಕ್ಕಿಯನ್ನು ಬೆಳ್ಳಿ ಬಟ್ಟಲಲ್ಲಿಟ್ಟಿದ್ದರೆ ಅದು ನ್ಯಾಯವೆನಿಸಿಕೊಳ್ಳುತ್ತಿತ್ತೇ? ಸರ್ಕಾರದ ಕೃಪೆ ಪಡೆಯುವವರು ಬಡವರಷ್ಟೇ ಅಲ್ಲ. ಕಾರ್ಖಾನೆಗೆ ಅಗ್ಗದ ಭೂಮಿ ದೊರೆಯುತ್ತದೆ, ಮಾಜಿ ಶಾಸಕರಿಗೆ ಪಿಂಚಣಿ ದೊರೆಯುತ್ತದೆ. ನಮ್ಮ ದೇವಾಲಯ, ಮಠ, ಮಸೀದಿಗಳ ದತ್ತಿ ಸಂಸ್ಥೆಗಳಿಗೆ ಆದಾಯ ತೆರಿಗೆಯ ವಿನಾಯಿತಿ ದೊರೆಯುತ್ತದೆ. ಅದೂ ಬೊಕ್ಕಸದ ಹಣವೇ. ಇವರಲ್ಲಿ ಯಾರನ್ನೂ ಊದು ಎಂದು ಯಾರೂ ಕೇಳಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಲ್ಲವಾದರೆ ಈ ಬರಹಕ್ಕೆ ಪ್ರಾಮಾಣಿಕತೆ ಇರುವುದಿಲ್ಲ. ಗುರುದೀಕ್ಷೆ ಪಡೆದ ಹೊಸತರಲ್ಲಿ ನನ್ನನ್ನು ಕಳುಹಿಸಿದ್ದ ಧರ್ಮಕೇಂದ್ರದಲ್ಲಿ ಬಡವರ ನಿಧಿಯೆಂದು ಒಂದು ಪೆಟ್ಟಿಗೆ ಇತ್ತು, ಬೀಗದ ಕೈ ನನ್ನ ಬಳಿ ಇತ್ತು. ಶಾಲೆ ಆರಂಭವಾಗುವ ಕಾಲ. ಗೌಂಡಿ ಕೆಲಸದವನೊಬ್ಬ ಮಗಳ ಶುಲ್ಕಕ್ಕೆ ಹಣ ಕೇಳಿ ಬಂದ. ಸಂಜೆಯ ಹೊತ್ತು, ಬಾಯಿ ವಾಸನೆ ಬರುತ್ತಿತ್ತು. ನಾನು ಎಲ್ಲರ ಮುಂದೆ, "ಮೊದಲು ಕುಡಿಯುವುದನ್ನು ಬಿಟ್ಟು ಬಾ" ಎಂದು ಕಳುಹಿಸಿದೆ. ಆ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಕರ್ತವ್ಯ ಮಾಡಿದ ತೃಪ್ತಿ. ಮೂರು ವಾರದ ನಂತರ ಅವನ ಹೆಂಡತಿ ಬಂದಳು. ಹಣ ಕೇಳಲು ಅಲ್ಲ. ಸತ್ತ ಮಾವನ ಹೆಸರಿನಲ್ಲಿ ಪೂಜೆಗೆ ಹೇಳಲು ಬಂದು, ಸೆರಗಿನ ಗಂಟು ಬಿಚ್ಚಿ ಪೂಜೆಯ ಕಾಣಿಕೆ ಇಟ್ಟಳು. ಹುಡುಗಿ ಹೇಗಿದ್ದಾಳೆಂದು ಕೇಳಿದೆ. "ಮೆಣಸಿನಕಾಯಿ ತೊಟ್ಟು ಬಿಡಸಾಕ ಹೊಂಟಾಳ್ರಿ ಫಾದರ್, ನನ್ನ ಜೋಡಿ" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಘಾಟು ಎಂಥದೆಂದು ಆ ಕೆಲಸ ಮಾಡಿದವರ ಬೆರಳುಗಳಿಗೆ ಗೊತ್ತು. ನಾನು ಹಣ ಕೊಡಲು ಹೊರಟೆ. ಆದರೆ ಹುಡುಗಿ ಆ ವರ್ಷ ಮತ್ತೆ ಶಾಲೆಗೆ ಹೋಗಲಿಲ್ಲ, ಮುಂದಿನ ವರ್ಷವೂ ಹೋಗಲಿಲ್ಲ. ನಾನು ತಂದೆಯನ್ನು ಪರೀಕ್ಷಿಸಿದೆ. ನಪಾಸಾದವಳು ಮಗಳು.

ಆಗ ನನಗೆ ಸಂತ ಯೊವಾನ್ನ ಕ್ರಿಸೋಸ್ತೋಮರ ಬರಹಗಳ ಪರಿಚಯವಿತ್ತು, ಗುರುಮಠದಲ್ಲಿ ಪರೀಕ್ಷೆಗೆಂದು ಓದಿದ್ದೆ. 4ನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಅವರು ಐಶ್ವರ್ಯವಂತ ಮತ್ತು ಲಾಜರನ ಸಾಮತಿಯ ಮೇಲೆ ನೀಡಿದ ಪ್ರಸಂಗಗಳಲ್ಲಿ ದಾನಿಯನ್ನು ಬಂದರಿಗೆ ಹೋಲಿಸುತ್ತಾರೆ: ಹಡಗು ಒಡೆದು ಈಜಿ ಬಂದವನು ಒಳ್ಳೆಯವನೋ ಕೆಟ್ಟವನೋ ಎಂದು ಬಂದರು ವಿಚಾರಿಸುವುದಿಲ್ಲ. ಬಡವನ ನಡತೆಯನ್ನು ಕೆದಕುವವನು ಕೊನೆಗೆ ಯಾರಿಗೂ ಕೊಡಲಾರ ಎಂಬುದು ಅವರ ಅಭಿಪ್ರಾಯದ ಸಾರ. ದುಡಿಯಲೊಲ್ಲದವನ ಊಟದ ಬಗ್ಗೆ ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮಾತನ್ನು ಇದಕ್ಕೆ ಎದುರಾಗಿ ಎತ್ತುವವರುಂಟು. ಪೌಲರು ಹಾಗೆ ಬರೆದದ್ದು ದುಡಿಯುವ ಶಕ್ತಿಯಿದ್ದೂ ಸುಮ್ಮನೆ ಅಲೆಯುತ್ತಿದ್ದ ತಮ್ಮ ಸಭೆಯವರಿಗೆ. ಹಸಿದ ಮನೆಯ ಬಾಗಿಲಲ್ಲಿ ನಿಂತು ಅದನ್ನು ಓದಿ ಹೇಳಿರೆಂದು ಅವರು ಯಾರಿಗೂ ಅಪ್ಪಣೆ ಕೊಟ್ಟಿಲ್ಲ. ದಿವಂಗತ ಪೋಪ್ ಫ್ರಾನ್ಸಿಸ್ ಅವರನ್ನು 2017ರಲ್ಲಿ ಮಿಲಾನಿನ ಬೀದಿವಾಸಿಗಳ ಪತ್ರಿಕೆಯೊಂದು ಇದೇ ಪ್ರಶ್ನೆ ಕೇಳಿತ್ತು: ಭಿಕ್ಷುಕ ಆ ಹಣದಿಂದ ಕುಡಿದರೆ? ಬದುಕಿನಲ್ಲಿ ಅವನಿಗಿರುವ ಸಂತೋಷ ಅದೊಂದೇ ಆಗಿದ್ದರೆ ಆಗಲಿ ಬಿಡಿ, ನೀವು ಗುಟ್ಟಾಗಿ ಏನು ಮಾಡುತ್ತೀರೆಂದು ಮೊದಲು ಕೇಳಿಕೊಳ್ಳಿ ಎಂಬರ್ಥದ ಉತ್ತರ ಕೊಟ್ಟರು. ಕೊಡುವಾಗ ಅವನ ಕಣ್ಣು ನೋಡಿ ಕೊಡಿ ಎಂದೂ ಸೇರಿಸಿದರು. ನಾನು ಗೌಂಡಿಯ ಕಣ್ಣು ನೋಡಿರಲಿಲ್ಲ. ಮೂಗು ಮಾತ್ರ ಕೆಲಸ ಮಾಡಿತ್ತು.

ಹಾಗಾದರೆ ಕುಡುಕನನ್ನು ಹಾಗೆಯೇ ಬಿಡುವುದೇ? ಮಾಸ್ತರರು ಇಲ್ಲಿದ್ದರೆ ಖಂಡಿತ ಕೇಳುತ್ತಿದ್ದರು. ಬಿಡಬಾರದು. ಆದರೆ ಹಣ ನಿಲ್ಲಿಸಿದ ಮಾತ್ರಕ್ಕೆ ಕುಡಿತ ನಿಲ್ಲುತ್ತದೆಂಬುದು ವೈದ್ಯಶಾಸ್ತ್ರ ಒಪ್ಪುವ ಮಾತಲ್ಲ. ವರ್ಷಗಟ್ಟಲೆ ಕುಡಿದ ದೇಹವು ಒಮ್ಮೆಲೇ ಮದ್ಯ ನಿಂತರೆ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಭ್ರಮೆ ಹಿಡಿಯುತ್ತದೆ, ಜೀವವೇ ಹೋಗಬಹುದು. ಆ ಕೆಲವು ದಿನಗಳನ್ನು ಔಷಧದ ಕಾವಲಿನಲ್ಲಿ ದಾಟಿಸಬೇಕು; ಅನಂತರದ ತಿಂಗಳುಗಳನ್ನು ಮನುಷ್ಯರ ಕಾವಲಿನಲ್ಲಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇರುವುದು ಇದಕ್ಕಾಗಿಯೇ. ಗಳಗನಾಥದ ಕಡೆಯ ಕೂಲಿಕಾರನೊಬ್ಬ ಹಾವೇರಿಗೆ ಬಂದು, ಅಲ್ಲಿಂದ ಧಾರವಾಡದ ಬಸ್ಸು ಹಿಡಿದು, ಹತ್ತು ಹದಿನೈದು ದಿನ ದಾಖಲಾಗಬೇಕಾದರೆ ಅಷ್ಟೂ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಆ ದಿನಗಳಲ್ಲಿ ಮನೆಯ ಒಲೆ ಉರಿಯಬೇಕಾದರೆ ಯಾವ ಹಣ ಬೇಕು? ಹೆಂಡತಿಯ ಖಾತೆಗೆ ಬರುವ ಆ ಎರಡು ಸಾವಿರವೇ. ನಾವು ನಿಲ್ಲಿಸಬೇಕೆಂದು ವಾದಿಸುತ್ತಿರುವುದು ಅದನ್ನೇ. ಅಬಕಾರಿಯ 40,000 ಕೋಟಿಯಲ್ಲಿ ಒಂದು ಸಣ್ಣ ಪಾಲನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಗಳಿಗೆ ಮೀಸಲಿಡಿ ಎಂದು ನಮ್ಮ ಶಾಸಕರಿಗೆ ಬರೆಯಲು ಓದುಗರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಅಂಚೆಯ ವೆಚ್ಚ ಹೆಚ್ಚೇನಲ್ಲ.

ಮುಂದಿನ ಬಾರಿ ಗಳಗನಾಥಕ್ಕೆ ಹೋದಾಗ ಅದೇ ಬಾಕಿನ ಮೇಲೆ ಕುಳಿತು ಮಾಸ್ತರರಿಗಾಗಿ ಕಾಯುವವನಿದ್ದೇನೆ. ಅವರು ಸಿಕ್ಕರೆ ಒಂದು ಬಸ್ಸು ತಪ್ಪಿದರೂ ಚಿಂತೆಯಿಲ್ಲ.